ಸೇದುವವರೊಬ್ಬರ ಎದೆಯಲ್ಲಿ ಸಿಕ್ಕ, ಸೇದದವರ ಕ್ಯಾನ್ಸರ್

ಜಪಾನಿನ ತೊಚಿಗಿ ಪ್ರಾಂತ್ಯದಲ್ಲಿ ಜಿಚಿ ಎಂಬ ವೈದ್ಯಕೀಯ ವಿಶ್ವವಿದ್ಯಾಲಯವಿದೆ. ವೈದ್ಯರೇ ಸಿಗದ ಹಳ್ಳಿಗಾಡುಗಳಿಗೆ ಹೋಗಿ ದುಡಿಯುವವರನ್ನು ತಯಾರು ಮಾಡಲೆಂದೇ 1972ರಲ್ಲಿ ಕಟ್ಟಿದ ಸಂಸ್ಥೆ ಅದು. ಅಲ್ಲಿ ಸಂಶೋಧಕರಾಗಿದ್ದ ಹಿರೊಯುಕಿ ಮಾನೊ ಮೂಲತಃ ರಕ್ತರೋಗಗಳ ವೈದ್ಯರು. ಒಮ್ಮೆ ಅವರ ತಂಡ 62 ವರ್ಷದ ಗಂಡಸೊಬ್ಬರ ಶ್ವಾಸಕೋಶದಿಂದ ತೆಗೆದ ಗಡ್ಡೆಯ ಚೂರೊಂದನ್ನು ಕೈಗೆತ್ತಿಕೊಂಡಿತು. ಕಾಯಿಲೆ ಅಡಿನೋಕಾರ್ಸಿನೋಮ ಎಂಬ ಬಗೆಯ ಕ್ಯಾನ್ಸರ್. ಆ ವ್ಯಕ್ತಿ ಸಿಗರೇಟು ಸೇದುತ್ತಿದ್ದವರು.

ಆ ಚೂರಿನಿಂದ ಹೊರಬಂದ ಜೀನ್‌ನ ಕಾರಣಕ್ಕೇ ಇವತ್ತು ಬೆಂಗಳೂರಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾದವರಿಗೆ ವೈದ್ಯರು ‘ಆಲ್ಕ್ ಮಾಡಿಸಿದ್ದೀರಾ?’ ಎಂದು ಕೇಳುತ್ತಾರೆ. ವಿಚಿತ್ರವೆಂದರೆ, ಆಲ್ಕ್ ಪಾಸಿಟಿವ್ ಆಗುವವರಲ್ಲಿ ಹೆಚ್ಚಿನವರು ಸಿಗರೇಟು ಮುಟ್ಟದವರು ಅಥವಾ ತೀರಾ ಕಡಿಮೆ ಸೇದಿದವರು. ಉಳಿದ ರೋಗಿಗಳಿಗಿಂತ ವಯಸ್ಸಿನಲ್ಲೂ ಚಿಕ್ಕವರು. ಸೇದದವರನ್ನೇ ಹೆಚ್ಚಾಗಿ ಕಾಡುವ ಈ ಕ್ಯಾನ್ಸರಿನ ಮೂಲ ಮೊದಲು ಪತ್ತೆಯಾದದ್ದು ಸೇದುವವರೊಬ್ಬರ ಎದೆಯಲ್ಲಿ. ಇವರು ಸೇದಿದವರು, ಕಾರಣ ಗೊತ್ತೇ ಇದೆ ಎಂದು ಆ ಚೂರನ್ನು ಪಕ್ಕಕ್ಕಿಟ್ಟಿದ್ದರೆ ಈ ಕಥೆ ಅಲ್ಲೇ ಮುಗಿದುಹೋಗುತ್ತಿತ್ತು.

ಮಾನೊ ಬಳಸಿದ ವಿಧಾನ ಆಗಲೇ ಹಳೆಯದು. ಇಲಿಯ ಭ್ರೂಣದ ಜೀವಕೋಶಗಳನ್ನು, ತ್ರೀಟಿತ್ರೀ ಎಂದು ಕರೆಯುವ ತಳಿಯನ್ನು, ಗಾಜಿನ ತಟ್ಟೆಯಲ್ಲಿ ಬೆಳೆಸುತ್ತಾರೆ. ಅವು ಒಂದೇ ಪದರವಾಗಿ ಹರಡಿ, ಒಂದಕ್ಕೊಂದು ತಾಗಿದ ಕೂಡಲೇ ಬೆಳೆಯುವುದನ್ನು ನಿಲ್ಲಿಸುತ್ತವೆ. ಕ್ಯಾನ್ಸರ್ ತರುವ ಜೀನ್ ಒಳಗೆ ಹೊಕ್ಕ ಕೋಶ ಮಾತ್ರ ಈ ಲಗಾಮು ಕಿತ್ತುಕೊಂಡು ಬೆಳೆದು, ಒಂದರ ಮೇಲೊಂದು ಏರಿ ಗುಪ್ಪೆಯಾಗುತ್ತದೆ. 1980ರ ದಶಕದ ಆರಂಭದಲ್ಲಿ ರಾಸ್ ಎಂಬ ಕ್ಯಾನ್ಸರ್ ಜೀನ್ ಸಿಕ್ಕಿದ್ದು ಹೀಗೆಯೇ. ಆಮೇಲೆ ಈ ದಾರಿಯಲ್ಲಿ ಹೊರಟವರಿಗೆ ರಾಸ್ ಬಂಧುಗಳೇ ಮತ್ತೆ ಮತ್ತೆ ಸಿಕ್ಕವು. ಮಾನವ ಜೀನೋಮಿನ ಓದು ಮುಗಿದ ಮೇಲಂತೂ ಎಲ್ಲರ ಕಣ್ಣು ಅನುಕ್ರಮ ಓದುವ ಯಂತ್ರಗಳ ಕಡೆ ಹೊರಳಿತು.

ಆ ವಿಧಾನ ಎಲ್ಲಿ ಸೋಲುತ್ತಿದೆ ಎಂಬುದನ್ನು ಮಾನೊ ಗುರುತಿಸಿದ್ದರು. ಗಡ್ಡೆಯ ಡಿಎನ್‌ಎಯನ್ನು ಹಾಗೇ ಇಲಿಯ ಕೋಶಕ್ಕೆ ತುಂಬಿದರೆ, ಶ್ವಾಸಕೋಶದಲ್ಲಿ ಚುರುಕಾಗಿರುವ ಜೀನ್ ಇಲ್ಲಿ ಎಚ್ಚರಗೊಳ್ಳುತ್ತದೆಂಬ ಖಾತ್ರಿ ಇಲ್ಲ. ಅದನ್ನು ಎಬ್ಬಿಸುವ ಗುಂಡಿ ಶ್ವಾಸಕೋಶದ ಕೋಶಕ್ಕಷ್ಟೇ ಓಗೊಡುವಂಥದ್ದಾಗಿರಬಹುದು. ಹಾಗಾಗಿ ಅವರ ತಂಡ ಗಡ್ಡೆಯಲ್ಲಿ ಕೆಲಸ ಮಾಡುತ್ತಿದ್ದ ಆರ್‌ಎನ್‌ಎಗಳನ್ನೇ ಪ್ರತಿ ಮಾಡಿ, ಒಂದೊಂದನ್ನೂ ರೆಟ್ರೊವೈರಸ್‌ನೊಳಗೆ ಸೇರಿಸಿ, ವೈರಸ್ಸಿನ ಗುಂಡಿಯಿಂದಲೇ ಎಬ್ಬಿಸಿತು. ತಟ್ಟೆಯಲ್ಲಿ ಗುಪ್ಪೆಗಳು ಎದ್ದವು. ಅವುಗಳಲ್ಲೊಂದರಿಂದ ತೆಗೆದ ತುಣುಕನ್ನು ಓದಿದಾಗ ಕಂಡದ್ದು ಎರಡು ಜೀನ್‌ಗಳ ಕಸಿ. ತಲೆಭಾಗ ಇಎಮ್‌ಎಲ್4 ಎಂಬ ಜೀನ್‌ನದು, ಬಾಲ ಆಲ್ಕ್‌ನದು.

ಈ ಎರಡೂ ಜೀನ್‌ಗಳು ಎರಡನೆಯ ವರ್ಣತಂತುವಿನ ಗಿಡ್ಡ ತೋಳಿನಲ್ಲೇ ಇವೆ. ನಡುವಿನ ದೂರ ಸುಮಾರು 1.2 ಕೋಟಿ ಅಕ್ಷರ. ಮಣಿಸರವೊಂದು ಎರಡು ಕಡೆ ಹರಿದು, ನಡುವಿನ ತುಂಡನ್ನು ತಿರುಗುಮುರುಗಾಗಿ ಪೋಣಿಸಿದ ಹಾಗೆ ವರ್ಣತಂತು ಅಲ್ಲಿ ತುಂಡಾಗಿ, ತಿರುಗಿ, ಅಂಟಿಕೊಂಡಿತ್ತು. ಆಲ್ಕ್ ಕೋಶಕ್ಕೆ ‘ಬೆಳೆ’ ಎಂದು ಆಜ್ಞೆ ಕೊಡುವ ಕಿಣ್ವ. ಭ್ರೂಣದಲ್ಲಿ ನರಮಂಡಲ ರೂಪುಗೊಳ್ಳುವಾಗ ಅದಕ್ಕೆ ಕೆಲಸ, ದೊಡ್ಡವರ ಶ್ವಾಸಕೋಶದಲ್ಲಿ ಅದು ಮಲಗಿರುತ್ತದೆ. ಇಎಮ್‌ಎಲ್4 ಬೆನ್ನಿಗಂಟಿದ ಮೇಲೆ ಅದಕ್ಕೆ ನಿದ್ದೆಯೇ ಇಲ್ಲ. ಹಗಲೂ ರಾತ್ರಿ ಅದೇ ಆಜ್ಞೆ. 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ವರದಿಯ ಪ್ರಕಾರ 75 ರೋಗಿಗಳ ಗಡ್ಡೆಗಳಲ್ಲಿ ಐದರಲ್ಲಿ ಈ ಕಸಿ ಇತ್ತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ‘ಜೀನ್ ಟೆಸ್ಟ್’ ಎಂದ ಕೂಡಲೇ ಮನೆಯವರು ‘ಹಾಗಾದರೆ ಮಕ್ಕಳಿಗೂ ಬರುತ್ತದಾ?’ ಎಂದು ಗಾಬರಿಯಾಗುತ್ತಾರೆ. ಈ ಕಸಿ ಹುಟ್ಟುವುದು ಗಡ್ಡೆಯ ಕೋಶದಲ್ಲಿ ಮಾತ್ರ. ತಂದೆತಾಯಿಯಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ.

ವರ್ಣತಂತು ತುಂಡಾಗಿ ಅಂಟಿಕೊಂಡು ಕ್ಯಾನ್ಸರ್ ತರುತ್ತದೆಂಬುದು ಹೊಸ ಸಂಗತಿಯಾಗಿರಲಿಲ್ಲ. 1960ರಲ್ಲಿ ಫಿಲಡೆಲ್ಫಿಯಾದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ರಕ್ತದ ಕ್ಯಾನ್ಸರಿನಲ್ಲಿ ಮೋಟು ವರ್ಣತಂತುವನ್ನು ಕಂಡರು. ಅದು ಎರಡು ವರ್ಣತಂತುಗಳ ಅದಲುಬದಲು ಎಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿಕೊಟ್ಟರು. ಆದರೆ ಇಂಥದ್ದೆಲ್ಲ ರಕ್ತ, ದುಗ್ಧಗ್ರಂಥಿಗಳ ಕ್ಯಾನ್ಸರಿಗೆ ಸೇರಿದ್ದು, ಗಟ್ಟಿ ಗಡ್ಡೆಗಳಿಗೆ ಅಪರೂಪ ಎಂಬ ನಂಬಿಕೆ ಬೇರೂರಿತ್ತು. 2005ರಲ್ಲಿ ಮಿಶಿಗನ್ನಿನ ಅರುಳ್ ಚಿನ್ನಯ್ಯನ್ ಅವರ ತಂಡ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಇಂಥ ಕಸಿ ತೋರಿಸಿದಾಗ ಆ ನಂಬಿಕೆ ಅಲುಗಾಡಿತು. ಆಲ್ಕ್ ಕೂಡ ಲಿಂಫೋಮ ಎಂಬ ದುಗ್ಧಗ್ರಂಥಿ ಕ್ಯಾನ್ಸರಿನ ತಜ್ಞರಿಗೆ 1994ರಿಂದಲೇ ಪರಿಚಿತ. ಅವರ ಬಳಿ ಅದನ್ನು ಹಿಡಿಯುವ ಬಣ್ಣವಿತ್ತು, ಶೋಧಕವಿತ್ತು. ಶ್ವಾಸಕೋಶದ ಮೇಲೆ ಅದನ್ನು ಹಾಕಿ ನೋಡಬೇಕೆಂದು ಹೆಚ್ಚಿನವರಿಗೆ ಅನ್ನಿಸಿರಲಿಲ್ಲ. ಒಂದೇ ಕಟ್ಟಡದ ಎರಡು ವಿಭಾಗಗಳು ಮಾತಾಡಿಕೊಳ್ಳದಿದ್ದರೆ ಎಷ್ಟು ವರ್ಷ ಕೈತಪ್ಪುತ್ತದೆಂದು ನೆನೆದರೆ ಸಂಕಟವಾಗುತ್ತದೆ.

ಮುಂದಿನದು ಓಟ. ಫೈಜರ್ ಕಂಪನಿಯ ಕ್ರಿಜೋಟಿನಿಬ್ ಎಂಬ ಮದ್ದು ಮೆಟ್ ಎನ್ನುವ ಬೇರೊಂದು ಕಿಣ್ವಕ್ಕಾಗಿ ಆಗಲೇ ರೋಗಿಗಳ ಮೇಲೆ ಪರೀಕ್ಷೆಯಲ್ಲಿತ್ತು. ಅದು ಆಲ್ಕನ್ನೂ ತಡೆಯುತ್ತಿತ್ತು. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯವರು ಲಿಂಫೋಮದ ಶೋಧಕವನ್ನೇ ಶ್ವಾಸಕೋಶಕ್ಕೆ ತಿರುಗಿಸಿದರು. ಸುಮಾರು 1500 ಜನರ ಗಡ್ಡೆಗಳನ್ನು ಸೋಸಿ 82 ಆಲ್ಕ್ ಪಾಸಿಟಿವ್ ರೋಗಿಗಳನ್ನು ಆರಿಸಲಾಯಿತು. ಅವರಲ್ಲಿ ನೂರಕ್ಕೆ 57 ಜನರ ಗಡ್ಡೆ ಕುಗ್ಗಿತು. 2011ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಮದ್ದಿಗೂ ಪರೀಕ್ಷೆಗೂ ಒಟ್ಟಿಗೇ ಅನುಮತಿ ಸಿಕ್ಕಿತು. ಫಿಲಡೆಲ್ಫಿಯಾದ ಮೋಟು ವರ್ಣತಂತುವಿಗೆ ಮದ್ದು ಬರಲು 41 ವರ್ಷ ಬೇಕಾಗಿತ್ತು. ಇಲ್ಲಿ ನಾಲ್ಕೇ ವರ್ಷ.

ಆ 82 ಜನರ ಫಲಿತಾಂಶ 2010ರ ಅಕ್ಟೋಬರಿನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂತು. ಅದೇ ಸಂಚಿಕೆಯಲ್ಲಿ ಮಾನೊ ತಂಡದ್ದೂ ಒಂದು ವರದಿ ಇತ್ತು. 28 ವರ್ಷದ ಯುವಕನೊಬ್ಬ ಇದೇ ಮದ್ದಿನಿಂದ ಚೇತರಿಸಿಕೊಂಡು, ಐದು ತಿಂಗಳಲ್ಲಿ ಮತ್ತೆ ಕುಸಿದಿದ್ದ. ಅವನ ಗಡ್ಡೆಯಲ್ಲಿ ಮದ್ದಿಗೆ ಬಗ್ಗದ ಎರಡು ಹೊಸ ಬದಲಾವಣೆಗಳು ಸಿಕ್ಕಿದ್ದವು. ಸಂತೋಷದ ಸುದ್ದಿ, ಎಚ್ಚರಿಕೆ ಎರಡೂ ಒಂದೇ ರಟ್ಟಿನೊಳಗೆ.

ಮದ್ದಿನ ಜೊತೆಗೇ ಅನುಮತಿ ಪಡೆದ ಆ ಪರೀಕ್ಷೆಯ ಹೆಸರು ಫಿಶ್. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಅದರ ಎಣಿಕೆಯನ್ನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಕೋಣೆಯ ದೀಪ ಆರಿಸಿರುತ್ತಾರೆ. ಗಡ್ಡೆಯ ಅಂಗಾಂಶವನ್ನು ಹುದುಗಿಸಿಟ್ಟ ಮೇಣದ ಬ್ಲಾಕಿನಿಂದ ಕೊಯ್ದ, ನಾಲ್ಕೈದು ಮೈಕ್ರಾನ್ ದಪ್ಪದ ಹೋಳು ಸೂಕ್ಷ್ಮದರ್ಶಕದ ಕೆಳಗೆ. ನೀಲಿ ಕೋಶಕೇಂದ್ರಗಳ ಒಳಗೆ ಕೆಂಪು, ಹಸಿರು ಚುಕ್ಕಿಗಳು. ಆಲ್ಕ್ ಜೀನ್‌ನ ಒಂದು ಮಗ್ಗುಲಿಗೆ ಕೆಂಪು, ಇನ್ನೊಂದು ಮಗ್ಗುಲಿಗೆ ಹಸಿರು ಶೋಧಕ ಅಂಟಿರುತ್ತದೆ. ಜೀನ್ ಅಖಂಡವಾಗಿದ್ದರೆ ಎರಡೂ ಕೂಡಿ ಹಳದಿಯಾಗಿ ಕಾಣುತ್ತವೆ, ತುಂಡಾಗಿದ್ದರೆ ಬೇರಾಗುತ್ತವೆ. ಎರಡು ಚುಕ್ಕಿಗಳ ಅಗಲಕ್ಕಿಂತ ಕಡಿಮೆ ಅಂತರವಿದ್ದರೆ ಲೆಕ್ಕಕ್ಕಿಲ್ಲ. ತುಂಡು ತಿರುಗಿ ಅಂಟುವುದು ಒಂದೇ ವರ್ಣತಂತುವಿನೊಳಗೆ, ಹಾಗಾಗಿ ಚುಕ್ಕಿಗಳು ದೂರ ಹೋಗುವುದೇ ಇಲ್ಲ. ಕೆಲವು ಕೋಶಗಳಲ್ಲಿ ಹಸಿರು ಕಳೆದುಹೋಗಿ ಕೆಂಪೊಂದೇ ಉಳಿದಿರುತ್ತದೆ. ಕಿಣ್ವವಿರುವ ಮಗ್ಗುಲು ಕೆಂಪಿನದಾದ್ದರಿಂದ ಅದು ಪಾಸಿಟಿವ್. ಹಸಿರೊಂದೇ ಉಳಿದಿದ್ದರೆ ಅಲ್ಲ. ಐವತ್ತು ಕೋಶ ಎಣಿಸಬೇಕು. ಇಪ್ಪತ್ತೈದು ದಾಟಿದರೆ ಪಾಸಿಟಿವ್, ಐದಕ್ಕಿಂತ ಕಡಿಮೆಯಾದರೆ ನೆಗೆಟಿವ್. ನಡುವೆ ಬಿದ್ದರೆ ಮತ್ತೊಬ್ಬರು ಬಂದು ಇನ್ನೈವತ್ತು ಎಣಿಸುತ್ತಾರೆ. ಎರಡನ್ನೂ ಸೇರಿಸಿ ಶೇಕಡಾ 15 ಮುಟ್ಟಿದರೆ ಪಾಸಿಟಿವ್. ಎಣಿಸುತ್ತಿದ್ದಾಕೆ ಒಂದು ಕೋಶದ ಮೇಲೆ ಬಹಳ ಹೊತ್ತು ನಿಂತು, ಫೋಕಸ್ಸನ್ನು ಮೇಲೆ ಕೆಳಗೆ ಆಡಿಸಿ, ಕೊನೆಗೆ ತಲೆಯಾಡಿಸಿ ಮುಂದಕ್ಕೆ ಹೋದರು.

ಈ ಕಣ್ಣಿನ ಕಸುಬು ಈಗ ಹಿಂದೆ ಸರಿಯುತ್ತಿದೆ. ಮಲಗಿರಬೇಕಾದ ಆಲ್ಕ್ ಪ್ರೋಟೀನ್ ಶ್ವಾಸಕೋಶದಲ್ಲಿ ಕಂಡರೆ ಅದೇ ಸಾಕ್ಷಿ ಎಂಬ ತರ್ಕದಿಂದ ಬಣ್ಣದ ಪರೀಕ್ಷೆ ಬೆಳೆಯಿತು. ಲಿಂಫೋಮದ ಹಳೆಯ ಬಣ್ಣ ಶ್ವಾಸಕೋಶದ ಮಂದ ಪ್ರೋಟೀನನ್ನು ಸರಿಯಾಗಿ ಹಿಡಿಯುತ್ತಿರಲಿಲ್ಲ. ಟೋಕಿಯೊದ ಕೆಂಗೊ ತಾಕೆಉಚಿ ಸಂಕೇತವನ್ನು ಹಿಗ್ಗಿಸುವ ಉಪಾಯ ಹುಡುಕಿದರು. ಡಿ5ಎಫ್3 ಎಂಬ ಪ್ರತಿಕಾಯದ ಪರೀಕ್ಷೆಗೆ 2015ರಲ್ಲಿ ಅಮೆರಿಕದ ಅನುಮತಿ ಬಂತು. ಮಾನೊ ಅವರ ಒಲವು ಪಿಸಿಆರ್ ಕಡೆಗಿತ್ತು. ಕಫದಲ್ಲಿ ಬೆರೆತ ಬೆರಳೆಣಿಕೆಯ ಕ್ಯಾನ್ಸರ್ ಕೋಶಗಳನ್ನೂ ಅದರಿಂದ ಹಿಡಿಯಬಹುದೆಂದು ಅವರು ತೋರಿಸಿದ್ದರು. ಇಎಮ್‌ಎಲ್4 ಒಂದೊಂದು ರೋಗಿಯಲ್ಲಿ ಒಂದೊಂದು ಕಡೆ ತುಂಡಾಗುವುದರಿಂದ ಆ ದಾರಿ ಕಠಿಣವಾಯಿತು. ಆರ್‌ಒಎಸ್1, ರೆಟ್, ಎನ್‌ಟಿಆರ್‌ಕೆ ಎಂದು ಕಸಿಗಳ ಪಟ್ಟಿ ಬೆಳೆದ ಮೇಲೆ ಎಲ್ಲವನ್ನೂ ಒಟ್ಟಿಗೇ ಓದುವ ಯಂತ್ರಗಳು ಬಂದವು. ಬರಲೇಬೇಕಿತ್ತು. ಆದರೂ ಯಂತ್ರದ ವರದಿ ಗೊಂದಲದಲ್ಲಿ ಬಿದ್ದಾಗ ಕತ್ತಲ ಕೋಣೆಯಲ್ಲಿ ಕೂತು ಎಣಿಸಬಲ್ಲವರು ಬೇಕು. ಅವರನ್ನು ತರಬೇತು ಮಾಡುವುದನ್ನು ನಿಲ್ಲಿಸಿದರೆ ತುರ್ತಿಗೆ ಎಲ್ಲಿಂದ ತರುವುದು?

ಮದ್ದುಗಳೂ ಬಹಳ ಮುಂದೆ ಬಂದಿವೆ. 2024ರಲ್ಲಿ ಪ್ರಕಟವಾದ ಐದು ವರ್ಷಗಳ ಲೆಕ್ಕದ ಪ್ರಕಾರ ಹೊಸ ಮದ್ದಾದ ಲೊರ್ಲಾಟಿನಿಬ್‌ನಿಂದ ಚಿಕಿತ್ಸೆ ಶುರುಮಾಡಿದವರಲ್ಲಿ ಶೇಕಡಾ 60 ಜನರ ರೋಗ ಮುಂದುವರಿದಿರಲಿಲ್ಲ. ಕ್ರಿಜೋಟಿನಿಬ್ ಪಡೆದವರಲ್ಲಿ ಇದು ಶೇಕಡಾ 8.

ನಮ್ಮಲ್ಲಿ ತೊಡಕು ಇದಕ್ಕೂ ಮೊದಲೇ ಶುರುವಾಗುತ್ತದೆ. ಕೆಮ್ಮು, ಎಕ್ಸ್‌ರೇಯಲ್ಲಿ ನೆರಳು ಕಂಡರೆ ಮೊದಲ ಸಂಶಯ ಕ್ಷಯ. ಸೇದದ ಹೆಂಗಸಾದರಂತೂ ಕ್ಯಾನ್ಸರಿನ ಯೋಚನೆಯೇ ಬರುವುದಿಲ್ಲ. ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿದ ಮೇಲೆ ಬಯಾಪ್ಸಿ. ಸೂಜಿಯಲ್ಲಿ ಬಂದ ದಾರದೆಳೆಯಷ್ಟು ಅಂಗಾಂಶದಲ್ಲಿ ಅರ್ಧಕ್ಕರ್ಧ ಯಾವ ಕ್ಯಾನ್ಸರ್ ಎಂದು ಹೇಳುವುದರಲ್ಲೇ ಖರ್ಚಾಗುತ್ತದೆ. ಮೂಳೆಯಿಂದ ತೆಗೆದದ್ದಾದರೆ ಮೆತ್ತಗಾಗಿಸಲು ಬಳಸುವ ಆಮ್ಲ ಡಿಎನ್‌ಎಯನ್ನೇ ಹಾಳುಗೆಡವುತ್ತದೆ. ರಕ್ತದಲ್ಲಿ ಹುಡುಕುವ ಪರೀಕ್ಷೆ ಇದೆಯಾದರೂ ಅದು ಕಸಿಗಳನ್ನು ಎಷ್ಟೋ ಸಲ ತಪ್ಪಿಸಿಬಿಡುತ್ತದೆ. ನೆಗೆಟಿವ್ ಬಂದರೆ ಮತ್ತೆ ಬ್ಲಾಕಿಗೇ ಮರಳಬೇಕು.

ಇದನ್ನು ಬಲ್ಲ ರೋಗಶಾಸ್ತ್ರಜ್ಞರು ಬ್ಲಾಕನ್ನು ಯಂತ್ರಕ್ಕೇರಿಸಿದ ಮೊದಲ ಸಲವೇ ಆಲ್ಕ್, ಆರ್‌ಒಎಸ್1, ಇಜಿಎಫ್‌ಆರ್ ಈ ಎಲ್ಲ ಜೀನ್‌ಗಳ ಪರೀಕ್ಷೆಗೂ ಬೇಕಾದ ಹೋಳುಗಳನ್ನು ಕೊಯ್ದಿಟ್ಟುಕೊಳ್ಳುತ್ತಾರೆ. ಪ್ರತಿ ಸಲ ಹೊಸದಾಗಿ ಏರಿಸಿ ಮೇಲ್ಮೈ ಸಮಮಾಡುವಾಗ ಕಸದ ಬುಟ್ಟಿಗೆ ಹೋಗುವ ಪದರಗಳೇ ಕೆಲವು ರೋಗಿಗಳಿಗೆ ಉಳಿದಿರುವ ಅಂಗಾಂಶ. ಊರಿನ ಆಸ್ಪತ್ರೆಯಿಂದ ಬೆಂಗಳೂರಿಗೆ ಬರುವವರು ಫೈಲು, ಸ್ಕ್ಯಾನಿನ ಸಿ.ಡಿ. ತರುತ್ತಾರೆ, ಬ್ಲಾಕನ್ನು ಅಲ್ಲೇ ಬಿಟ್ಟು ಬರುತ್ತಾರೆ. ಅದನ್ನು ಕೇಳಿ ಪಡೆಯಬಹುದೆಂದು ಅವರಿಗೆ ಯಾರೂ ಹೇಳಿರುವುದಿಲ್ಲ.