ಕಾಲಿಗೆ ಒಂದು, ಕೈಗೆ ಎರಡು

ನಮ್ಮ ಸಮಾಜದ ಅನೇಕ ಮನೆಗಳ ಮಕ್ಕಳು ಇಂದು ಅಮೆರಿಕದಲ್ಲಿ ನೆಲೆಸಿದ್ದಾರೆ. ಅವರನ್ನು ಕಂಡು, ಮೊಮ್ಮಕ್ಕಳೊಡನೆ ಕೆಲವು ತಿಂಗಳು ಇದ್ದು ಬರಲೆಂದು ಹೋಗುವ ಹಿರಿಯರು ಸೆಪ್ಟೆಂಬರಿನಿಂದ ಫೆಬ್ರವರಿಯ ನಡುವೆ ಅಲ್ಲಿದ್ದರೆ, ಭಾನುವಾರದ ಪೂಜೆ ಪ್ರಸಾದಗಳು ಮುಗಿದ ಮೇಲೆ ಟಿ.ವಿ.ಯಲ್ಲಿ ಒಂದು ಆಟವನ್ನು ನೋಡಲೇಬೇಕಾಗುತ್ತದೆ. ಶಿರಸ್ತ್ರಾಣ ಧರಿಸಿದ ಭಾರಿ ಗಾತ್ರದ ಆಟಗಾರರು ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಚೆಂಡು ಎಲ್ಲಿದೆಯೆಂದು ತಿಳಿಯುವಷ್ಟರಲ್ಲಿ ಸೀಟಿ ಕೇಳಿಸುತ್ತದೆ. ಅಂಕಫಲಕದಲ್ಲಿ ಒಮ್ಮೆ ಮೂರು ಏರುತ್ತದೆ, ಒಮ್ಮೆ ಆರು, ಅದರ ಬೆನ್ನಿಗೇ ಒಂದು, ಅಪರೂಪಕ್ಕೆ ಎರಡು. ಮೊಮ್ಮಗನನ್ನು ಕೇಳಿದರೆ ಅವನು ವಿವರಿಸುವ ಹೊತ್ತಿಗೆ ಇನ್ನೊಂದು ಒದೆತ ಮುಗಿದಿರುತ್ತದೆ. ಈ ಲೆಕ್ಕದ ಹಿಂದೆ ನೂರನಲವತ್ತು ವರ್ಷಗಳ ಚರಿತ್ರೆಯೂ, ಕೆಲವು ಮನುಷ್ಯರ ಅಗ್ನಿಪರೀಕ್ಷೆಯೂ ಇವೆ.

ಆಟದ ಹೆಸರು ಫುಟ್‌ಬಾಲ್, ಅಂದರೆ ಕಾಲ್ಚೆಂಡು. ಆದರೆ ಚೆಂಡು ಬಹುಪಾಲು ಹೊತ್ತು ಇರುವುದು ಕೈಯಲ್ಲಿ ಅಥವಾ ಕಂಕುಳಲ್ಲಿ. ತಂಡವೊಂದಕ್ಕೆ ಹತ್ತು ಗಜ ಮುಂದುವರಿಯಲು ನಾಲ್ಕು ಸರದಿಗಳನ್ನು ಕೊಡಲಾಗುತ್ತದೆ. ಅಷ್ಟರಲ್ಲಿ ಹತ್ತು ಗಜ ಗೆದ್ದರೆ ಮತ್ತೆ ನಾಲ್ಕು ಸರದಿ. ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಹೀಗೆ ನೂರು ಗಜದ ಅಂಗಣವನ್ನು ದಾಟಿ, ತುದಿಯಲ್ಲಿರುವ ಹತ್ತು ಗಜ ಆಳದ ಪಟ್ಟಿಯೊಳಗೆ ಚೆಂಡನ್ನು ಒಯ್ದರೆ ಅಥವಾ ಅಲ್ಲಿ ಹಿಡಿದರೆ ಅದು ಟಚ್‌ಡೌನ್. ಅದಕ್ಕೆ 6 ಅಂಕ. ಅಷ್ಟು ದೂರ ಹೋಗಲಾಗದ ತಂಡ ನಾಲ್ಕನೆಯ ಸರದಿಯಲ್ಲಿ ಚೆಂಡನ್ನು ನೆಲದ ಮೇಲೆ ನಿಲ್ಲಿಸಿ, ಎರಡು ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿನಿಂದ ಹಾಯುವಂತೆ ಒದೆಯಬಹುದು. ಅದು ಫೀಲ್ಡ್ ಗೋಲ್; ಅದಕ್ಕೆ 3 ಅಂಕ. ಎದುರಾಳಿಯನ್ನು ಅವನದೇ ತುದಿಯ ಪಟ್ಟಿಯೊಳಗೆ ಚೆಂಡಿನ ಸಮೇತ ಕೆಡವಿದರೆ 2 ಅಂಕ. ಇದನ್ನು ಸೇಫ್ಟಿ ಎನ್ನುತ್ತಾರೆ. ಅದು ಅಪರೂಪದ್ದು.

ಟಚ್‌ಡೌನ್ ಆದೊಡನೆ ಆ ತಂಡಕ್ಕೆ ಇನ್ನೊಂದು ಅವಕಾಶ ಸಿಗುತ್ತದೆ. ಚೆಂಡನ್ನು ಕಂಬಗಳ ನಡುವೆ ಒದೆದರೆ 1 ಅಂಕ. ಒದೆಯದೆ, ಮತ್ತೊಮ್ಮೆ ಓಡಿ ಅಥವಾ ಎಸೆದು ಗೆರೆ ದಾಟಿಸಿದರೆ 2 ಅಂಕ. ಕಾಲಿಗೆ ಒಂದು, ಕೈಗೆ ಎರಡು ಎಂದು ನೆನಪಿಟ್ಟುಕೊಂಡರೆ ಸಾಕು. ನಿಯಮಪುಸ್ತಕದಲ್ಲಿ ಈ ಅವಕಾಶಕ್ಕೆ ಇಂದಿಗೂ ಇರುವ ಹೆಸರು ‘ಟ್ರೈ’, ಅಂದರೆ ಪ್ರಯತ್ನ. ಜನರ ಬಾಯಲ್ಲಿ ಇದು ‘ಕನ್ವರ್ಷನ್’, ಅಂದರೆ ಪರಿವರ್ತನೆ. ಈ ಎರಡು ಶಬ್ದಗಳಲ್ಲಿಯೇ ಆಟದ ಹುಟ್ಟಿನ ಕಥೆ ಅಡಗಿದೆ.

ಅಮೆರಿಕದ ಫುಟ್‌ಬಾಲ್ ಇಂಗ್ಲೆಂಡಿನ ರಗ್ಬಿ ಆಟದ ಸಂತಾನ. ಹಳೆಯ ರಗ್ಬಿಯಲ್ಲಿ ಚೆಂಡನ್ನು ಎದುರಾಳಿಯ ಗೆರೆಯಾಚೆ ಒಯ್ದು ನೆಲಕ್ಕೆ ಮುಟ್ಟಿಸಿದರೆ ಅದಕ್ಕಾಗಿ ಏನೂ ದೊರೆಯುತ್ತಿರಲಿಲ್ಲ. ದೊರೆಯುತ್ತಿದ್ದುದು ಗೋಲಿಗೆ ಒದೆಯಲು ‘ಪ್ರಯತ್ನಿಸುವ’ ಹಕ್ಕು ಮಾತ್ರ. ಒದೆತ ಸಫಲವಾದರೆ ಆ ಪ್ರಯತ್ನ ಗೋಲಾಗಿ ‘ಪರಿವರ್ತನೆ’ ಹೊಂದುತ್ತಿತ್ತು. ಓಟವು ಪೂರ್ವಸಿದ್ಧತೆಯಾಗಿತ್ತು, ಫಲವು ಕಾಲಿನಲ್ಲಿತ್ತು. ಆಟ ಅಟ್ಲಾಂಟಿಕ್ ದಾಟಿ ಅಲ್ಲಿಯ ಕಾಲೇಜುಗಳನ್ನು ಸೇರಿದ ಮೇಲೂ ಬಹುಕಾಲ ಈ ಭಾವನೆ ಉಳಿದಿತ್ತು. ಯೇಲ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾಂಪ್ ಅವರ ಪ್ರಭಾವದಿಂದ 1883ರಲ್ಲಿ ಮೊದಲ ಬಾರಿಗೆ ಅಂಕಗಳ ಪಟ್ಟಿ ಸಿದ್ಧವಾದಾಗ ಫೀಲ್ಡ್ ಗೋಲಿಗೆ 5, ಟಚ್‌ಡೌನಿನ ಅನಂತರದ ಒದೆತಕ್ಕೆ 4, ಟಚ್‌ಡೌನಿಗೆ ಕೇವಲ 2 ಅಂಕಗಳಿದ್ದವು. ಇಂದಿನ ಲೆಕ್ಕ ಬಲ್ಲವರಿಗೆ ಇದು ತಲೆಕೆಳಗಾದ ಪಟ್ಟಿಯಂತೆ ತೋರಬಹುದು.

ಅಲ್ಲಿಂದ ಮುಂದಿನ ಮೂವತ್ತು ವರ್ಷಗಳ ಚರಿತ್ರೆಯೆಂದರೆ ಕಾಲಿನ ಬೆಲೆ ಇಳಿದು ಕೈಯ ಬೆಲೆ ಏರಿದ ಚರಿತ್ರೆ. ಶೀಘ್ರದಲ್ಲಿಯೇ ಟಚ್‌ಡೌನ್ 4 ಅಂಕಕ್ಕೇರಿತು, ಅದರ ಹಿಂದಿನ ಒದೆತ 2ಕ್ಕಿಳಿಯಿತು. 1898ರಲ್ಲಿ ಟಚ್‌ಡೌನಿಗೆ 5, ಒದೆತಕ್ಕೆ 1. ಫೀಲ್ಡ್ ಗೋಲು 1904ರಲ್ಲಿ 4ಕ್ಕೂ, 1909ರಲ್ಲಿ 3ಕ್ಕೂ ಇಳಿಯಿತು. 1912ರಲ್ಲಿ ಟಚ್‌ಡೌನ್ 6 ಅಂಕ ಪಡೆಯಿತು. ಆ ಸಂಖ್ಯೆಗಳು ಅಂದಿನಿಂದ ಕದಲಿಲ್ಲ. ಹೋರಾಡಿ ನೆಲ ಗೆಲ್ಲುವುದೇ ಆಟದ ಸತ್ವ, ದೂರ ನಿಂತು ಒದೆಯುವುದು ಅದರ ಬದಲಿಯಾಗಬಾರದು ಎಂಬುದು ನಿಯಮ ಮಾಡಿದವರ ಮನೋಗತವಾಗಿತ್ತೆಂದು ಈ ಅಂಕಿಗಳೇ ಹೇಳುತ್ತವೆ.

ಎರಡು ಅಂಕದ ಆಯ್ಕೆ ತೀರ ಈಚಿನದು. ಕಾಲೇಜುಗಳ ಆಟಕ್ಕೆ ಅದು 1958ರಲ್ಲಿ ಬಂದಿತು, ಎನ್.ಎಫ್.ಎಲ್. ಎಂದು ಹೆಸರಾದ ವೃತ್ತಿಪರ ಲೀಗು ಅದನ್ನು ಒಪ್ಪಿಕೊಂಡದ್ದು 1994ರಲ್ಲಿ. ಆ ವರ್ಷ ಎನ್.ಎಫ್.ಎಲ್.ನಲ್ಲಿ ಮೊದಲ ಬಾರಿಗೆ ಎರಡು ಅಂಕ ಗಳಿಸಿದವನು ಕ್ಲೀವ್‌ಲ್ಯಾಂಡ್ ತಂಡದ ಟಾಮ್ ಟೂಪಾ. ಒದೆಯುವವನಿಗಾಗಿ ಚೆಂಡನ್ನು ನೆಲದ ಮೇಲೆ ಹಿಡಿದು ನಿಲ್ಲಿಸುವುದು ಅವನ ಕೆಲಸವಾಗಿತ್ತು. ಎಲ್ಲರೂ ಒದೆತವನ್ನು ನಿರೀಕ್ಷಿಸುತ್ತಿರುವಾಗ ಅವನು ಚೆಂಡನ್ನು ಎತ್ತಿಕೊಂಡು ತಾನೇ ಗೆರೆಯಾಚೆ ಓಡಿಬಿಟ್ಟನು.

ಒಂದೋ ಎರಡೋ ಎಂಬ ಈ ಆಯ್ಕೆ ಎಷ್ಟು ಕಠಿಣವಾಗಬಲ್ಲದೆಂಬುದಕ್ಕೆ 1984ರ ಜನವರಿ 2ರಂದು ಮಯಾಮಿ ನಗರದಲ್ಲಿ ನಡೆದ ಆರೆಂಜ್ ಬೌಲ್ ಪಂದ್ಯವನ್ನು ಅಲ್ಲಿಯವರು ಇಂದಿಗೂ ಉದಾಹರಿಸುತ್ತಾರೆ. ಆ ವರ್ಷ ನೆಬ್ರಾಸ್ಕ ವಿಶ್ವವಿದ್ಯಾಲಯದ ತಂಡ ಒಂದು ಪಂದ್ಯವನ್ನೂ ಸೋತಿರಲಿಲ್ಲ. ಅಂದು ಮಾತ್ರ ಮಯಾಮಿ ತಂಡದೆದುರು ಹಿಂದೆ ಬಿದ್ದಿತ್ತು. ಇನ್ನು 48 ಸೆಕೆಂಡು ಉಳಿದಿರುವಾಗ ಅದು ಟಚ್‌ಡೌನ್ ಗಳಿಸಿತು. ಅಂಕಗಳು 31–30 ಆದವು. ಈಗ ಒಂದು ಸುಲಭವಾದ ಒದೆತ ಸಾಕು, ಪಂದ್ಯ ಸಮವಾಗುತ್ತಿತ್ತು. ಕಾಲೇಜು ಆಟದಲ್ಲಿ ಆಗ ಹೆಚ್ಚುವರಿ ಸಮಯದ ಪದ್ಧತಿ ಇರಲಿಲ್ಲ, ಸಮವೆಂದರೆ ಸಮವೇ. ರಾಷ್ಟ್ರದ ಅಗ್ರಸ್ಥಾನವನ್ನು ನಿರ್ಣಯಿಸುತ್ತಿದ್ದುದು ಮತದಾನ. ಸೋಲರಿಯದ ನೆಬ್ರಾಸ್ಕ ತಂಡಕ್ಕೆ ಸಮಬಲದ ಫಲಿತಾಂಶವಿದ್ದರೂ ಆ ಪಟ್ಟ ಬಹುಮಟ್ಟಿಗೆ ಖಚಿತವೆಂದು ಎಲ್ಲರೂ ಬಲ್ಲವರಾಗಿದ್ದರು.

ತಂಡದ ಗುರುವಾಗಿದ್ದ ಟಾಮ್ ಆಸ್ಬರ್ನ್ ಒದೆಯಲು ಹೇಳಲಿಲ್ಲ. ಎರಡು ಅಂಕಕ್ಕೆ ಪ್ರಯತ್ನಿಸುವಂತೆ ಆಜ್ಞಾಪಿಸಿದರು. ಟರ್ನರ್ ಗಿಲ್ ಎಸೆದ ಚೆಂಡಿಗೆ ಮಯಾಮಿಯ ಕೆನ್ನಿ ಕ್ಯಾಲ್ಹೂನನ ಬೆರಳು ತಾಗಿತು. ಚೆಂಡು ಕೈಗೆ ಸಿಗದೆ ಹೋಯಿತು. ಪಂದ್ಯವೂ ಪಟ್ಟವೂ ಮಯಾಮಿಯ ಪಾಲಾದವು. ಪಟ್ಟಕ್ಕೆ ಅರ್ಹರೆನಿಸಬೇಕಾದರೆ ಗೆಲ್ಲಲು ಆಡಬೇಕು, ಸಮಮಾಡಿಕೊಳ್ಳಲು ಆಡಬಾರದು ಎಂಬುದು ಆಸ್ಬರ್ನ್ ಅವರ ನಿಲುವಾಗಿತ್ತು. ಕೈಗೆ ಬಂದದ್ದನ್ನು ಕಳೆದುಕೊಂಡರೆಂದು ಹೇಳುವವರೂ ಇದ್ದಾರೆ. ಲೆಕ್ಕಕ್ಕೆ ಅವರ ಮಾತೇ ಸರಿ. ಆದರೂ ನಾಲ್ಕು ದಶಕಗಳ ಮೇಲೆ ಆ ಪಂದ್ಯವನ್ನು ಕುರಿತು ಮಾತಾಡುವವರು ಗೆದ್ದವರಷ್ಟೇ ಗೌರವದಿಂದ ಸೋತವರನ್ನೂ ನೆನೆಯುತ್ತಾರೆಂಬುದನ್ನು ಮರೆಯಲಾಗದು. ಆಸ್ಬರ್ನ್ ಅವರ ತಂಡ ಮುಂದೆ 1994, 1995 ಮತ್ತು 1997ರ ಋತುಗಳಲ್ಲಿ ಅಗ್ರಪಟ್ಟವನ್ನು ಪಡೆಯಿತು. ಅವರು ಅಮೆರಿಕದ ಸಂಸತ್ತಿನ ಸದಸ್ಯರೂ ಆದರು.

ಎನ್.ಎಫ್.ಎಲ್.ನಲ್ಲಿ ಒಂದು ಅಂಕದ ಒದೆತ ಕಾಲಕ್ರಮದಲ್ಲಿ ಎಷ್ಟು ಸುಲಭವಾಯಿತೆಂದರೆ ನೂರಕ್ಕೆ ತೊಂಬತ್ತೊಂಬತ್ತು ಸಲ ಗುರಿ ತಪ್ಪುತ್ತಿರಲಿಲ್ಲ. ಪ್ರೇಕ್ಷಕರು ಆ ಹೊತ್ತಿನಲ್ಲಿ ತಿಂಡಿ ತರಲು ಎದ್ದುಹೋಗುತ್ತಿದ್ದರು. ಅದನ್ನು ಮನಗಂಡು 2015ರಲ್ಲಿ ಆ ಒದೆತದ ಆರಂಭವನ್ನು 15 ಗಜದ ಗೆರೆಗೆ ಹಿಂದೂಡಲಾಯಿತು; ಒದೆತದ ದೂರ ಸುಮಾರು 33 ಗಜವಾಯಿತು. ಎರಡು ಅಂಕದ ಪ್ರಯತ್ನ ಮಾತ್ರ 2 ಗಜದ ಗೆರೆಯಿಂದಲೇ ಉಳಿಯಿತು. ಜೊತೆಗೆ, ಈ ಪ್ರಯತ್ನದಲ್ಲಿ ಚೆಂಡು ಎದುರಾಳಿಯ ಕೈಗೆ ಸಿಕ್ಕಿ ಅವನು ಅಂಗಣದ ಇನ್ನೊಂದು ತುದಿಯವರೆಗೆ ಓಡಿದರೆ ಅವನಿಗೇ 2 ಅಂಕ ಎಂಬ ನಿಯಮವೂ ಬಂದಿತು. ಈಗ ಆ ಒದೆತ ಆಗಾಗ ತಪ್ಪುತ್ತದೆ, ಎದ್ದುಹೋಗುವವರು ಕಡಿಮೆಯಾಗಿದ್ದಾರೆ.

ಫೀಲ್ಡ್ ಗೋಲಿನ ದೂರದ ಲೆಕ್ಕ ಹೊಸಬರನ್ನು ಗೊಂದಲಕ್ಕೀಡುಮಾಡುತ್ತದೆ. ಚೆಂಡು ಎದುರಾಳಿಯ 30 ಗಜದ ಗೆರೆಯಲ್ಲಿದ್ದರೆ ಒದೆತದ ದೂರ 30 ಗಜವಲ್ಲ, 47 ಗಜ. ಏಕೆಂದರೆ ಗೋಲುಕಂಬಗಳು ತುದಿಯ ಪಟ್ಟಿಯ ಹಿಂಭಾಗದಲ್ಲಿರುವುದರಿಂದ 10 ಗಜ ಸೇರುತ್ತದೆ. ಎದುರಾಳಿಗಳು ಮೈಮೇಲೆ ಬೀಳದಂತೆ ಚೆಂಡನ್ನು ಸುಮಾರು 7 ಗಜ ಹಿಂದಕ್ಕೆ ಕಳುಹಿಸಿ ಒದೆಯುವುದರಿಂದ ಅದೂ ಸೇರುತ್ತದೆ. ಎನ್.ಎಫ್.ಎಲ್. ಅಂಗಣಗಳಲ್ಲಿ ಕಂಬಗಳು ಮೊದಲು ಗೋಲುಗೆರೆಯ ಮೇಲೆಯೇ ಇದ್ದವು; ಫೀಲ್ಡ್ ಗೋಲುಗಳು ಅತಿಯಾದವೆಂದು 1974ರಲ್ಲಿ ಹಿಂದಕ್ಕೆ ಸರಿಸಲಾಯಿತು. ಕಂಬಗಳ ನಡುವಿನ ಅಂತರ 18 ಅಡಿ 6 ಅಂಗುಲ, ಅಡ್ಡಪಟ್ಟಿಯ ಎತ್ತರ 10 ಅಡಿ. ಚೆಂಡು ಕಂಬಕ್ಕೆ ಬಡಿದು ಒಳಗೆ ಹಾಯ್ದರೂ ಅಂಕ ಉಂಟು. ಕೈಯಿಂದ ಬಿಟ್ಟ ಚೆಂಡನ್ನು ನೆಲ ಮುಟ್ಟುವ ಮೊದಲೇ ಒದೆಯುವ ‘ಪಂಟ್’ ಎಂಬ ಒದೆತ ಕಂಬಗಳ ನಡುವೆ ಹೋದರೂ ಅಂಕವಿಲ್ಲ. ನೆಲಕ್ಕೆ ಬಿಟ್ಟು ಪುಟಿಯುತ್ತಿರುವಾಗ ಒದೆದರೆ ಉಂಟು! 1941ರ ಅನಂತರ ಎನ್.ಎಫ್.ಎಲ್.ನಲ್ಲಿ ಯಾರಿಗೂ ಸಾಧಿಸದಿದ್ದ ಆ ಪುಟಿಒದೆತದಿಂದ 2006ರ ಜನವರಿ 1ರಂದು ಡಗ್ ಫ್ಲೂಟಿ ಒಂದು ಅಂಕ ಗಳಿಸಿದಾಗ ಅವನಿಗೆ ವಯಸ್ಸು 43.

ಫೀಲ್ಡ್ ಗೋಲಿನಲ್ಲಿ ಮೂವರ ಕೆಲಸವಿದೆ. ಒಬ್ಬನು ತಲೆ ತಗ್ಗಿಸಿ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಎಸೆಯಬೇಕು. ಇನ್ನೊಬ್ಬನು ಮಂಡಿಯೂರಿ ಅದನ್ನು ಹಿಡಿದು, ಹೊಲಿಗೆಯ ದಾರಗಳು ಒದೆಯುವವನ ಕಡೆ ಬಾರದಂತೆ ತಿರುಗಿಸಿ, ನೆಲದ ಮೇಲೆ ನಿಲ್ಲಿಸಬೇಕು. ಮೂರನೆಯವನು ಒದೆಯಬೇಕು. ಇಷ್ಟಕ್ಕೂ ದೊರೆಯುವ ಸಮಯ ಒಂದೂವರೆ ಸೆಕೆಂಡಿಗಿಂತ ಕಡಿಮೆ. ಮೊದಲಿನ ಇಬ್ಬರ ಕಾಯಕವನ್ನು ಯಾರೂ ಗಮನಿಸುವುದಿಲ್ಲ. ಮೂರನೆಯವನ ಹೆಸರು ಮಾತ್ರ ಎಲ್ಲರ ಬಾಯಲ್ಲಿ, ಹೊಗಳಿಕೆಗೂ ತೆಗಳಿಕೆಗೂ.

ಆ ಮೂರನೆಯವನು ಅನೇಕ ವೇಳೆ ಹೊರಗಿನಿಂದ ಬಂದವನಾಗಿದ್ದನು ಎಂಬುದು ಪರದೇಶದಲ್ಲಿ ಮಕ್ಕಳನ್ನುಳ್ಳ ನಮಗೆ ಆಸಕ್ತಿಯ ಸಂಗತಿ. 1960ರ ದಶಕದವರೆಗೆ ಅಮೆರಿಕದವರು ಕಾಲ ತುದಿಬೆರಳಿನಿಂದ ನೇರವಾಗಿ ಒದೆಯುತ್ತಿದ್ದರು. 1956ರ ದಂಗೆಯ ಅನಂತರ ಹಂಗೆರಿಯಿಂದ ಓಡಿಬಂದ ಕುಟುಂಬವೊಂದರ ಮಗ ಪೀಟ್ ಗೊಗೊಲಾಕ್, ತನ್ನ ನಾಡಿನ ಕಾಲ್ಚೆಂಡಾಟದ ರೂಢಿಯಂತೆ ಓರೆಯಾಗಿ ಬಂದು ಪಾದದ ಮೇಲ್ಭಾಗದಿಂದ ಒದೆಯುತ್ತಿದ್ದನು. 1964ರಲ್ಲಿ ಬಫೆಲೋ ತಂಡ ಅವನನ್ನು ಸೇರಿಸಿಕೊಂಡಿತು. ಜಾರುಹಲಗೆಯ ಕ್ರೀಡೆಗಾಗಿ ನಾರ್ವೆಯಿಂದ ಬಂದಿದ್ದ ಯಾನ್ ಸ್ಟೆನೆರೂಡ್ ಅದೇ ಬಗೆಯಲ್ಲಿ ಒದೆದು 1991ರಲ್ಲಿ ಆಟದ ಕೀರ್ತಿಭವನವನ್ನು ಸೇರಿದನು. ಒದೆಯುವುದೊಂದನ್ನೇ ಮಾಡಿ ಅಲ್ಲಿಗೆ ಸೇರಿದವರಲ್ಲಿ ಅವನೇ ಮೊದಲಿಗ. ಇಂದು ನೇರವಾಗಿ ಒದೆಯುವವರೇ ಇಲ್ಲ. ವಲಸೆ ಬಂದವರು ತಂದ ಬಗೆ ಇಡೀ ದೇಶದ ಬಗೆಯಾಯಿತು.

ಹಳೆಯ ಬಗೆಯಲ್ಲಿ ಒದೆದವರಲ್ಲಿ ಟಾಮ್ ಡೆಂಪ್ಸಿಯ ಹೆಸರನ್ನು ಹೇಳದೆ ಮುಂದೆ ಹೋಗಲಾಗದು. ಹುಟ್ಟಿನಿಂದಲೇ ಅವನ ಬಲಪಾದಕ್ಕೆ ಬೆರಳುಗಳಿರಲಿಲ್ಲ, ಬಲಗೈಗೂ ಇರಲಿಲ್ಲ. 1970ರ ನವೆಂಬರ್ 8ರಂದು ನ್ಯೂ ಆರ್ಲಿಯನ್ಸ್‌ನಲ್ಲಿ, ಪಂದ್ಯದ ಕೊನೆಯ ಕ್ಷಣದಲ್ಲಿ, ಅದೇ ಬಲಪಾದದಿಂದ ಅವನು 63 ಗಜದ ಫೀಲ್ಡ್ ಗೋಲು ಹೊಡೆದು ಡೆಟ್ರಾಯಿಟ್ ತಂಡವನ್ನು 19–17ರಿಂದ ಸೋಲಿಸಿದನು. ಅದುವರೆಗಿನ ದಾಖಲೆ 56 ಗಜ. 2013ರವರೆಗೆ ಎನ್.ಎಫ್.ಎಲ್.ನಲ್ಲಿ ಯಾರೂ 63ನ್ನು ದಾಟಲಿಲ್ಲ. ಅವನ ವಿಶೇಷ ಪಾದರಕ್ಷೆಯಿಂದ ಲಾಭವಾಯಿತೆಂದು ಕೆಲವರು ಆಕ್ಷೇಪಿಸಿದರು. 1977ರಲ್ಲಿ ಪಾದರಕ್ಷೆಯ ಆಕಾರವನ್ನು ಕುರಿತು ನಿಯಮವನ್ನೂ ಮಾಡಲಾಯಿತು. ಬೆರಳಿಲ್ಲದ ಪಾದದಿಂದ ಒದೆಯುವುದು ಲಾಭವೆಂದು ವಾದಿಸಿದವರಲ್ಲಿ ಯಾರೂ ಹಾಗೆ ಒದೆದು ನೋಡಿದವರಲ್ಲ.

ಒದೆಯುವವನ ಪಾಡು ಎಂತಹುದೆಂಬುದು ಹೆಚ್ಚು ತಿಳಿಯುವುದು ಸ್ಕಾಟ್ ನಾರ್ವುಡ್‌ನ ಕಥೆಯಿಂದ. 1991ರ ಜನವರಿ 27ರಂದು ಟ್ಯಾಂಪಾ ನಗರದಲ್ಲಿ ಸೂಪರ್ ಬೌಲ್, ಅಂದರೆ ವರ್ಷದ ಅಂತಿಮ ಪಂದ್ಯ. ಬಫೆಲೋ ತಂಡ ನ್ಯೂಯಾರ್ಕಿನ ಎದುರು 19–20ರಿಂದ ಹಿಂದಿತ್ತು. 8 ಸೆಕೆಂಡು ಉಳಿದಿತ್ತು, ದೂರ 47 ಗಜ. ಮೂರು ಅಂಕ ಬಂದರೆ ಬಫೆಲೋ ನಗರಕ್ಕೆ ಅದರ ಮೊದಲ ಸೂಪರ್ ಬೌಲ್ ಕಿರೀಟ. ಚೆಂಡು ಸಾಕಷ್ಟು ದೂರ ಹೋಯಿತು. ಆದರೆ ಬಲಗಂಬದ ಹೊರಗೆ ಹೋಯಿತು. ಹನ್ನೊಂದು ಜನರ ತಂಡ, ಒಂದು ಗಂಟೆಯ ಆಟ, ಸೋಲು ಮಾತ್ರ ಒಬ್ಬನ ಹೆಸರಿಗೆ.

ಮರುದಿನ ಬಫೆಲೋ ನಗರದ ನಯಾಗರಾ ಚೌಕದಲ್ಲಿ, ಜನವರಿಯ ಚಳಿಯಲ್ಲಿ, ಸಾವಿರಾರು ಜನ ಸೋತ ತಂಡವನ್ನು ಸ್ವಾಗತಿಸಲು ನೆರೆದರು. ನಾರ್ವುಡ್ ಹಿಂದೆ ನಿಂತಿದ್ದನು. ಜನರು ಅವನ ಹೆಸರನ್ನು ಹಿಡಿದು ಕೂಗತೊಡಗಿದರು. ಅದು ನಿಂದೆಯ ಕೂಗಾಗಿರಲಿಲ್ಲ. ಅವನು ಮುಂದೆ ಬರುವವರೆಗೂ ಅವರು ನಿಲ್ಲಿಸಲಿಲ್ಲ. ಮೈಕಿನ ಮುಂದೆ ನಿಂತ ಅವನು ಗಂಟಲು ತುಂಬಿ ಬಂದು, ತನಗೆ ಇಷ್ಟೊಂದು ಪ್ರೀತಿ ಹಿಂದೆಂದೂ ಅನುಭವವಾಗಿರಲಿಲ್ಲವೆಂಬ ಅರ್ಥದ ಮಾತುಗಳನ್ನಾಡಿದನು. ತಂಡವು ಅವನನ್ನು ಮರುವರ್ಷವೂ ಇರಿಸಿಕೊಂಡಿತು.

1992ರ ಜನವರಿಯಲ್ಲಿ ಬಫೆಲೋ ತಂಡ ಮತ್ತೆ ಸೂಪರ್ ಬೌಲಿನ ಹೊಸ್ತಿಲಲ್ಲಿ, ಡೆನ್ವರ್ ತಂಡದ ಎದುರು ಸೆಣಸುತ್ತಿತ್ತು. ನಾಲ್ಕನೆಯ ಪಾದದಲ್ಲಿ ನಾರ್ವುಡ್‌ನನ್ನು ಕರೆದರು. ದೂರ 44 ಗಜ. ಚೆಂಡು ಕಂಬಗಳ ನಡುವೆ ಹಾಯಿತು. ಪಂದ್ಯ ಮುಗಿದಾಗ ಅಂಕಗಳು 10–7.