ದೂರಪ್ರಯಾಣದ ಮೋಟಾರುಸೈಕಲ್ಲಿಗೆ ಹಿಡಿಗಂಬಿಯ ಆಯ್ಕೆ

ಅರಸೀಕೆರೆಯಿಂದ ಬಾಣಾವರ, ಜಾವಗಲ್ಲುಗಳ ಮಾರ್ಗವಾಗಿ ಹಳೇಬೀಡನ್ನು ಸೇರಿ, ಅಲ್ಲಿಂದ ಸುಮಾರು 16 ಕಿಲೋಮೀಟರು ದೂರದ ಬೇಲೂರನ್ನು ಮುಟ್ಟುವ ದಾರಿ ಬಹು ದೀರ್ಘವಾದುದೇನೂ ಅಲ್ಲ. ಆದರೂ ಮೋಟಾರುಸೈಕಲ್ಲಿನಲ್ಲಿ ಅದನ್ನು ಕ್ರಮಿಸಿದವನಿಗೆ ಬೇಲೂರಿನಲ್ಲಿ ಇಳಿಯುವ ವೇಳೆಗೆ ಕಿರುಬೆರಳು ಜೋಮು ಹಿಡಿದಿರುವುದೂ, ಚೆನ್ನಕೇಶವ ದೇವಾಲಯದ ಸೂರಿನಡಿಯ ಮದನಿಕೆಯರನ್ನು ನೋಡಲು ಕತ್ತೆತ್ತುವುದೇ ಕಷ್ಟವಾಗುವುದೂ ಉಂಟು. ತಪ್ಪನ್ನು ರಸ್ತೆಯ ಮೇಲೋ ಆಸನದ ಮೇಲೋ ಹೊರಿಸುವುದು ವಾಡಿಕೆ. ಹಲವು ವೇಳೆ ಕಾರಣವಿರುವುದು ಹ್ಯಾಂಡಲ್ ಬಾರಿನಲ್ಲಿ. ಪ್ರಕೃತ ಲೇಖನದಲ್ಲಿ ಅದನ್ನು ಹಿಡಿಗಂಬಿಯೆಂದು ಕರೆಯಲಾಗಿದೆ.

ಹಿಡಿಗಂಬಿಯನ್ನು ಬದಲಿಸಬಯಸುವವನು ಸಾಮಾನ್ಯವಾಗಿ ಎತ್ತರವೊಂದನ್ನೇ ನೋಡುತ್ತಾನೆ. ಕಂಬಿ ತೀರ ತಗ್ಗಾಗಿದ್ದರೆ ಮುಂಡದ ಭಾರವು ಅಂಗೈಗಳ ಮೇಲೆ ಬಿದ್ದು, ಕಿರುಬೆರಳಿನ ಬದಿಯಲ್ಲಿ ಹಾಯುವ ಅಲ್ನಾರ್ ನರವು ಅದುಮಲ್ಪಡುತ್ತದೆಂಬುದು ನಿಜ. ಮೇಲೆ ಹೇಳಿದ ಜೋಮು ಅದರ ಫಲ. ಆದರೆ ಅತಿ ಎತ್ತರವೂ ಹಿತವಲ್ಲ. ನೆಟ್ಟಗೆ ಕುಳಿತವನ ಎದೆಗೆ ಗಾಳಿ ಬಡಿಯುತ್ತದೆ. ರಸ್ತೆಯ ಕುಲುಕಾಟವು ನೇರವಾಗಿ ಬೆನ್ನೆಲುಬಿಗೆ ಏರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಎತ್ತರಕ್ಕಿಂತ ಹೆಚ್ಚಾಗಿ ಗಮನಿಸತಕ್ಕದ್ದು, ಕಂಬಿಯ ತುದಿಗಳು ಸವಾರನ ಕಡೆಗೆ ಬಾಗಿರುವ ಕೋನ. ತೋಳುಗಳನ್ನು ಸಡಿಲವಾಗಿ ಮುಂಚಾಚಿದಾಗ ಎರಡು ಮುಷ್ಟಿಗಳು ಒಂದೇ ಸರಳರೇಖೆಯಲ್ಲಿ ನಿಲ್ಲುವುದಿಲ್ಲ. ಅವುಗಳ ಹೊರಬದಿಯು ತುಸು ಹಿಂದಕ್ಕೂ ಕೆಳಕ್ಕೂ ಓರೆಯಾಗುತ್ತದೆ. ಕಂಬಿಯು ಈ ಓರೆಯನ್ನು ಅನುಸರಿಸದಿದ್ದರೆ ಮಣಿಕಟ್ಟು ಪ್ರಯಾಣದುದ್ದಕ್ಕೂ ತಿರುಚಿಕೊಂಡೇ ಇರಬೇಕಾಗುತ್ತದೆ.

ಪರೀಕ್ಷೆ ಸುಲಭ. ವಾಹನವನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಪಾದಗಳನ್ನು ಕಾಲುಮೆಟ್ಟುಗಳ ಮೇಲಿಟ್ಟು, ಮುಷ್ಟಿಗೊಂದರಂತೆ ಪೆನ್ಸಿಲು ಹಿಡಿದು, ಕಣ್ಮುಚ್ಚಿ, ಮೊಣಕೈ ಸ್ವಲ್ಪ ಬಾಗಿರುವಂತೆ ಕೈಚಾಚಬೇಕು. ಪೆನ್ಸಿಲುಗಳಿಗೂ ಈಗಿನ ಹಿಡಿಗಳಿಗೂ ಇರುವ ಅಂತರವನ್ನೂ ಓರೆಯ ವ್ಯತ್ಯಾಸವನ್ನೂ ಜೊತೆಗಾರನು ಗುರುತಿಸಿಕೊಳ್ಳಲಿ. ಅಂತರವು ಒಂದೆರಡು ಸೆಂಟಿಮೀಟರು ಮಾತ್ರವಾಗಿದ್ದರೆ, ಬೋಲ್ಟುಗಳನ್ನು ಸಡಿಲಿಸಿ ಇರುವ ಕಂಬಿಯನ್ನೇ ತುಸು ತಿರುಗಿಸಿದರೆ ಸಾಕಾಗಬಹುದು, ಹಣವೂ ಉಳಿಯಿತು. ಕೊಳ್ಳಲೇಬೇಕಾದಲ್ಲಿ ವ್ಯಾಸವನ್ನು ನೋಡಬೇಕು. ಕೈ ಹಿಡಿಯುವಲ್ಲಿ 22 ಮಿಲಿಮೀಟರು ಸಾಮಾನ್ಯ. ನಡುವೆ ಬಿಗಿಯುವಲ್ಲಿ ಮಾತ್ರ 22 ಮಿಲಿಮೀಟರಿನವೂ 28.6 ಮಿಲಿಮೀಟರಿನವೂ ದೊರೆಯುತ್ತವೆ, ಒಂದರ ಹಿಡಿಕೆಗೆ ಮತ್ತೊಂದು ಕೂಡುವುದಿಲ್ಲ.

ನಿಜವಾದ ಅಪಾಯವಿರುವುದು ತಂತಿಗಳಲ್ಲಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ದಿ ವಾಹನಗಳನ್ನು ಇಂದಿಗೂ ಅಕ್ಕರೆಯಿಂದ ಓಡಿಸುವವರಿದ್ದಾರೆ. ಅವುಗಳಲ್ಲಿ ಕ್ಲಚ್ಚು, ಮುಂದಿನ ಬ್ರೇಕು, ಆಕ್ಸಿಲರೇಟರು ಮೂರೂ ತಂತಿಗಳಿಂದಲೇ ನಡೆಯತಕ್ಕವು. ಎತ್ತರದ ಕಂಬಿ ಹಾಕಿ ಹಳೆಯ ತಂತಿಯನ್ನೇ ಉಳಿಸಿದರೆ, ಕಂಬಿಯನ್ನು ಪೂರ್ತಿ ತಿರುಗಿಸಿದಾಗ ತಂತಿ ಬಿಗಿದು ಎಂಜಿನ್ನಿನ ವೇಗವು ತಾನಾಗಿಯೇ ಏರಬಹುದು. ದೇವಾಲಯದ ಮುಂದಣ ಜನಸಂದಣಿಯಲ್ಲಿ ವಾಹನ ತಿರುಗಿಸುತ್ತಿರುವಾಗ ಹೀಗಾದರೆ ಪರಿಣಾಮವನ್ನು ವಾಚಕರು ಊಹಿಸಿಕೊಳ್ಳಬಹುದು. ಈಚಿನ ವಾಹನಗಳಲ್ಲಿ ಬ್ರೇಕಿನ ದ್ರವ ಹರಿಯುವ ಕೊಳವೆಯೂ ಎಳೆಯಲ್ಪಡುವ ಸಂಭವವುಂಟು. ಗೇರು ತಪ್ಪಿಸಿ, ಎಂಜಿನ್ನನ್ನು ಮಂದಗತಿಯಲ್ಲಿ ನಡೆಯಬಿಟ್ಟು, ಕಂಬಿಯನ್ನು ಎಡಬಲಗಳ ಕೊನೆಯವರೆಗೆ ತಿರುಗಿಸಿ ನೋಡಬೇಕು. ಸದ್ದು ಬದಲಾಗಕೂಡದು, ಬೆರಳುಗಳು ಪೆಟ್ರೋಲು ಟ್ಯಾಂಕಿಗೆ ತಗುಲಕೂಡದು.

1988ರ ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣವು ವಾಹನದ ಮಾರ್ಪಾಡುಗಳಿಗೆ ಮಿತಿಯನ್ನು ವಿಧಿಸಿರುವುದರಿಂದ, ಕೊಳ್ಳುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಲೇಸು. ಜೋಡಿಸಿದ ದಿನವೇ ಬೇಲೂರಿಗೆ ಹೊರಡಬಾರದು. ಬಾಣಾವರದವರೆಗೆ ಹೋಗಿಬಂದು, ತಯಾರಕರು ಸೂಚಿಸಿದ ಬಿಗಿತಕ್ಕೆ ಬೋಲ್ಟುಗಳನ್ನು ಮತ್ತೊಮ್ಮೆ ಸರಿಪಡಿಸಿಕೊಳ್ಳಬೇಕು.