ರಾತ್ರಿ ಉಸಿರಾಡುವ ಸವಾರೊ ಕಳ್ಳಿ

ಕಳ್ಳಿ ಎಂದೊಡನೆ ಬಯಲುಸೀಮೆಯವರ ಕಣ್ಣ ಮುಂದೆ ಬರುವುದು ಹೊಲದ ಬೇಲಿ. ಆದರೆ ಕಡಿದರೆ ಹಾಲು ಸುರಿಸುವ ಬೇಲಿಯ ಕಳ್ಳಿಗಳು ಸಸ್ಯಶಾಸ್ತ್ರದ ಪ್ರಕಾರ ಕ್ಯಾಕ್ಟಸ್ ಕುಟುಂಬಕ್ಕೆ ಸೇರಿದವಲ್ಲ. ನಿಜವಾದ ಕ್ಯಾಕ್ಟಸ್‌ಗಳ ತವರು ಅಮೆರಿಕ ಖಂಡಗಳು. ನಮ್ಮಲ್ಲಿ ಬೀಡುಬಿಟ್ಟಿರುವ ಪಾಪಾಸುಕಳ್ಳಿಯೂ ಅಲ್ಲಿಂದ ಬಂದದ್ದೇ.

ಈ ಕುಟುಂಬದ ದೈತ್ಯರಲ್ಲಿ ಒಂದು ಸವಾರೊ. ಅಮೆರಿಕದ ಅರಿಜೋನಾ ಮತ್ತು ಮೆಕ್ಸಿಕೊದ ಸೊನೊರಾ ರಾಜ್ಯಗಳಿಗೆ ಹರಡಿರುವ ಸೊನೊರಾ ಮರುಭೂಮಿ ಇದರ ನೆಲೆ. ಗುಡಿಯ ಕಂಬದಂತೆ ನೆಟ್ಟಗೆ 12 ಮೀಟರ್‌ಗೂ ಮೀರಿ ಬೆಳೆದು, ತೋಳುಗಳನ್ನು ಮೇಲೆತ್ತಿ ನಿಲ್ಲುವ ಈ ಗಿಡದ ಹೂವೇ ಅರಿಜೋನಾದ ರಾಜ್ಯಪುಷ್ಪ.

ಸವಾರೊಗೆ ಯಾವುದಕ್ಕೂ ಅವಸರವಿಲ್ಲ. ಮೊಳೆತ ಮೊದಲ 8 ವರ್ಷಗಳಲ್ಲಿ ಅದು ಬೆಳೆಯುವುದು ಒಂದೂವರೆ ಅಂಗುಲದಷ್ಟು ಮಾತ್ರ. ಮೊದಲ ಹೂವಿಗೆ ಸುಮಾರು 35 ವರ್ಷ ಬೇಕು. ತೋಳು ಮೂಡಲು 50ರಿಂದ 75 ವರ್ಷ. ಆಯುಸ್ಸು 150ರಿಂದ 200 ವರ್ಷ. ಎಳೆಯ ಸಸಿಯನ್ನು ಬಿಸಿಲಿನಿಂದಲೂ ಚಳಿಯಿಂದಲೂ ಕಾಯುವುದು ಪಾಲೊವರ್ಡೆ ಅಥವಾ ಮೆಸ್ಕೀಟ್ ಮರದ ನೆರಳು. ಈ ಮೆಸ್ಕೀಟ್ ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ಸಂಬಂಧಿ.

ಇದರ ಕಾಂಡಕ್ಕೆ ಹಾರ್ಮೋನಿಯಂ ತಿದಿಯಂತೆ ಮಡಿಕೆಗಳುಂಟು. ಮಳೆ ಬಂದಾಗ ಮಡಿಕೆಗಳು ಬಿಚ್ಚಿ ಕಾಂಡ ಉಬ್ಬುತ್ತದೆ, ಬರದಲ್ಲಿ ಕುಗ್ಗುತ್ತದೆ. ನೀರು ತುಂಬಿದ ದೊಡ್ಡ ಸವಾರೊ ಹಲವಾರು ಟನ್ ತೂಗುತ್ತದೆ. ನಡುವೆ ಒಂದೇ ತಾಯಿಬೇರು ಆಳಕ್ಕಿಳಿದಿದ್ದರೆ, ಉಳಿದ ಬೇರುಗಳು ನೆಲದ ಮೇಲ್ಪದರದಲ್ಲೇ ಸುತ್ತಲೂ ಹರಡಿ ಸಣ್ಣ ಮಳೆಯ ನೀರನ್ನೂ ಹೀರಿಕೊಳ್ಳುತ್ತವೆ.

ಸವಾರೊದ ಬದುಕೆಲ್ಲ ರಾತ್ರಿಯದು. ಹಗಲಿನ ಬಿಸಿಲಿನಲ್ಲಿ ಪತ್ರರಂಧ್ರಗಳನ್ನು ತೆರೆದರೆ ಕೂಡಿಟ್ಟ ನೀರೆಲ್ಲ ಆವಿಯಾದೀತು. ಆದ್ದರಿಂದ ಕಾಂಡದ ಮೇಲಿನ ಈ ರಂಧ್ರಗಳು ತಂಪಾದ ರಾತ್ರಿಯಲ್ಲಿ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಳ್ಳುತ್ತವೆ. ಬಿಳಿಯ ಹೂವೂ ರಾತ್ರಿಯೇ ಅರಳಿ ಮರುದಿನ ಮುಚ್ಚುತ್ತದೆ. ಇರುಳಿನಲ್ಲಿ ಬಾವಲಿ, ಹಗಲಿನಲ್ಲಿ ಜೇನ್ನೊಣ ಮತ್ತು ಪಾರಿವಾಳಗಳು ಪರಾಗಸ್ಪರ್ಶ ಮಾಡುತ್ತವೆ. ಮರಕುಟಿಗ ಕೊರೆದ ಪೊಟರೆ ಮುಂದೆ ಪುಟ್ಟ ಗೂಬೆಯ ಮನೆಯಾಗುತ್ತದೆ.

ಇಲ್ಲಿನ ಮೂಲನಿವಾಸಿಗಳಾದ ಟೊಹೊನೊ ಓದಮ್ ಜನರಿಗೆ ಸವಾರೊ ಬರೀ ಗಿಡವಲ್ಲ, ಮನುಷ್ಯರ ಬಂಧು. ಬೇಸಿಗೆಯಲ್ಲಿ ಹಣ್ಣಿನ ಕೊಯ್ಲಿನೊಂದಿಗೆ ಅವರ ಹೊಸ ವರ್ಷ ಆರಂಭ. ಒಣಗಿದ ಸವಾರೊದ ಕಡ್ಡಿಗಳನ್ನು ಜೋಡಿಸಿ ಮಾಡಿದ ಉದ್ದ ದೋಟಿಯಿಂದ ಹಣ್ಣು ಕೆಡವುತ್ತಾರೆ. ಕೆಂಪು ತಿರುಳನ್ನು ಕುದಿಸಿ ಪಾಕ ಮಾಡುತ್ತಾರೆ. ಪಾಕವನ್ನು ಹುಳಿಯಿಸಿದ ಮದ್ಯ ಮಳೆ ಕರೆಯುವ ಆಚರಣೆಗೆ ಮೀಸಲು. ಬೀಜವೂ ಆಹಾರ, ಕಡ್ಡಿ ಬೇಲಿಗೂ ಚಪ್ಪರಕ್ಕೂ ಆಗುತ್ತದೆ.

ಬೀಜದಿಂದ ಸವಾರೊ ಬೆಳೆಸುವುದು ಕಷ್ಟವಲ್ಲ, ಕಾಯುವುದು ಕಷ್ಟ. ನೀರು ಬಸಿದುಹೋಗುವ ಮರಳು, ಜಲ್ಲಿ ಬೆರೆತ ಮಣ್ಣು ಬೇಕು. ಮೊದಲ ವರ್ಷಗಳಲ್ಲಿ ಅರೆನೆರಳು ಬೇಕು. ನೀರು ಹೆಚ್ಚಾದರೆ ಬುಡ ಕೊಳೆಯುತ್ತದೆ. ಕಾಡಿನ ಗಿಡಗಳನ್ನು ಕೀಳುವಂತಿಲ್ಲ. ಅರಿಜೋನಾದಲ್ಲಿ ಕಾನೂನಿನ ಕಾವಲಿದೆ. ಟೂಸಾನ್ ನಗರದ ಬಳಿ 1933ರಲ್ಲಿ ರಕ್ಷಿತ ಪ್ರದೇಶವಾಗಿದ್ದ ಸವಾರೊ ಕಾಡು 1994ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು.

ಆದರೆ ಕಾನೂನು ಸೆಕೆಯನ್ನು ತಡೆಯಲಾರದು. 2023ರ ಬೇಸಿಗೆಯಲ್ಲಿ ಫೀನಿಕ್ಸ್ ನಗರದ ಉಷ್ಣಾಂಶ ಸತತ 31 ದಿನ 43 ಡಿಗ್ರಿ ಸೆಲ್ಸಿಯಸ್ ದಾಟಿತು. ರಾತ್ರಿಯೂ ತಂಪಾಗಲಿಲ್ಲ. ಸವಾರೊಗಳ ತೋಳುಗಳು ಕಳಚಿದವು, ಕೆಲವು ಬುಡಸಮೇತ ಉರುಳಿದವು. ಇನ್ನೊಂದೆಡೆ, ಮೇವಿಗೆಂದು ತಂದ ಬಫೆಲ್ ಹುಲ್ಲು ಗಿಡಗಳ ನಡುವಿನ ಬರಿನೆಲವನ್ನೆಲ್ಲ ಆವರಿಸಿ, ಮೊದಲು ಅಲ್ಲಿ ಅಪರೂಪವಾಗಿದ್ದ ಬೆಂಕಿಗೆ ದಾರಿ ಮಾಡಿಕೊಟ್ಟಿದೆ.

ನೂರೈವತ್ತು ವರ್ಷದ ಗಿಡ ಬೀಳಲು ಒಂದು ಬೇಸಿಗೆ ಸಾಕು. ಅದರ ಜಾಗದಲ್ಲಿ ಇಂದು ಬೀಜ ಬಿತ್ತಿದವರು ಹೂವನ್ನು ಕಂಡಾರು. ತೋಳುಗಳನ್ನು ಕಾಣುವುದು ಮೊಮ್ಮಕ್ಕಳೇ.